ಲಿಮಾದಲ್ಲಿ ಮಳೆ ಯಾಕಿಲ್ಲ, ಸಾಲ್ವಡಾರ್‌ನಲ್ಲಿ ಯಾಕಿದೆ

ಸ್ನೇಹಿತರೇ, ನಮಸ್ಕಾರ.

ಭೂಗೋಳದ ಪುಸ್ತಕದ ಒಂದು ಚಿತ್ರದ ಮೇಲೆ ನನಗೆ ಬಹುಕಾಲದ ತಕರಾರಿದೆ. ನೀವೆಲ್ಲ ನೋಡಿರುವ ಚಿತ್ರವೇ. ಭೂಮಿಯ ಮೇಲೆ ಅಡ್ಡಡ್ಡ ಪಟ್ಟಿಗಳು: ನಡುವೆ ಉಷ್ಣವಲಯ, ಆಚೀಚೆ ಸಮಶೀತೋಷ್ಣ ವಲಯ, ತುದಿಗಳಲ್ಲಿ ಶೀತವಲಯ. ಚಿತ್ರ ಸುಳ್ಳಲ್ಲ. ಆದರೆ ಅದನ್ನು ನೋಡಿ ಬೆಳೆದ ಮಗು, ಒಂದು ಊರಿನ ಅಕ್ಷಾಂಶ ತಿಳಿದರೆ ಸಾಕು, ಅಲ್ಲಿನ ಹವೆ ತಿಳಿದ ಹಾಗೇ ಅಂತ ನಂಬಿಬಿಡುತ್ತದೆ. ದೊಡ್ಡವರಾದರೂ ಆ ನಂಬಿಕೆ ಬಿಡುವುದಿಲ್ಲ. ಅದನ್ನು ಅಲ್ಲಾಡಿಸಲಿಕ್ಕೆ ಇವತ್ತು ಎರಡು ಊರುಗಳನ್ನು ಹಿಡಿದುಕೊಂಡು ಬಂದಿದ್ದೇನೆ.

ಪೆರುವಿನ ಲಿಮಾ, ಬ್ರೆಜಿಲ್‌ನ ಸಾಲ್ವಡಾರ್. ಎರಡೂ ದಕ್ಷಿಣ ಅಮೆರಿಕದಲ್ಲಿವೆ, ಎರಡೂ ಕಡಲ ದಂಡೆಯಲ್ಲಿವೆ. ಲಿಮಾ ದಕ್ಷಿಣ ಅಕ್ಷಾಂಶ 12 ಡಿಗ್ರಿಯಲ್ಲಿ, ಸಾಲ್ವಡಾರ್ ಹೆಚ್ಚುಕಡಿಮೆ 13ರಲ್ಲಿ. ನೆತ್ತಿಯ ಮೇಲಿನ ಸೂರ್ಯನಿಗೆ ಎರಡೂ ಒಂದೇ. ಸಾಲ್ವಡಾರ್‌ನಲ್ಲಿ ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ಲಿಮಾದಲ್ಲಿ ಸಾಮಾನ್ಯ ವರ್ಷದಲ್ಲಿ 20 ಮಿಲಿಮೀಟರ್ ದಾಟುವುದಿಲ್ಲ. ಸೊನ್ನೆ ಬಿಟ್ಟುಹೋಗಿಲ್ಲ, ಇಪ್ಪತ್ತೇ.

ಈ ಎರಡೂ ಊರು ಕಂಡ ಒಬ್ಬ ಪ್ರಯಾಣಿಕನಿದ್ದಾನೆ. ಅವನ ಕತೆ ಹೇಳದೆ ನನಗೆ ಮುಂದೆ ಹೋಗಲಾಗದು. 1832ರ ಫೆಬ್ರವರಿ ಕೊನೆಯಲ್ಲಿ ಬೀಗಲ್ ಹಡಗು ಸಾಲ್ವಡಾರ್‌ಗೆ ಬಂತು. ಆಗ ಆ ಊರನ್ನು ಬಯೀಯ ಅಂತಲೇ ಕರೆಯುತ್ತಿದ್ದರು. ಹಡಗಿನಲ್ಲಿ 23 ವರ್ಷದ ಚಾರ್ಲ್ಸ್ ಡಾರ್ವಿನ್. ಇಂಗ್ಲೆಂಡಿನ ಮಳೆ ನೋಡಿ ಬೆಳೆದ ಹುಡುಗ, ಬ್ರೆಜಿಲ್‌ನ ಕಾಡಿಗೆ ಕಾಲಿಟ್ಟದ್ದು ಅದೇ ಮೊದಲು. ಒಬ್ಬನೇ ಅಲೆದು ವಾಪಸ್ಸು ಬರುವಾಗ ಮಳೆ ಹಿಡಿಯಿತು. ಒಂದು ದಟ್ಟ ಮರದ ಕೆಳಗೆ ನಿಂತ. ಅವನ ದೇಶದ ಮಳೆಯಾಗಿದ್ದರೆ ಅಂಥ ಎಲೆಗಳ ಕೆಳಗೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಇಲ್ಲಿ ಒಂದೆರಡು ನಿಮಿಷದಲ್ಲೇ ಕಾಂಡದ ಮೇಲೆ ಸಣ್ಣ ತೊರೆಯೇ ಹರಿಯತೊಡಗಿತು. ತೊಪ್ಪೆಯಾಗಿ ನಿಂತವನು ಆಗಲೂ ಯೋಚಿಸುತ್ತಿದ್ದ, ನೋಡಿ! ದಟ್ಟಕಾಡಿನ ತಳದಲ್ಲೂ ಇಷ್ಟು ಹಸಿರು ಹೇಗೆ? ಮಳೆಯ ರಭಸವೇ ಕಾರಣ. ತಣ್ಣನೆಯ ದೇಶದ ಮೆಲ್ಲನೆಯ ಮಳೆಯಾಗಿದ್ದರೆ ಬಹುಪಾಲು ನೀರು ನೆಲ ಮುಟ್ಟುವ ಮೊದಲೇ ಎಲೆಗಳ ಮೇಲೆ ಮುಗಿದುಹೋಗುತ್ತಿತ್ತು ಅಂತ ಬರೆದಿಟ್ಟ.

ಅದೇ ಹುಡುಗ ಖಂಡವನ್ನು ಸುತ್ತಿಕೊಂಡು 1835ರ ಜುಲೈನಲ್ಲಿ ಲಿಮಾದ ಬಂದರು ಕಯಾವ್‌ಗೆ ಬಂದ. ಏನು ಕಂಡ? ಬೂದು ಮೋಡ. ಮೊದಲ ಹದಿನಾರು ದಿನಗಳಲ್ಲಿ ಊರಿನ ಹಿಂದಿನ ಪರ್ವತಶ್ರೇಣಿ ಕಣ್ಣಿಗೆ ಬಿದ್ದದ್ದು ಒಂದೇ ಸಲ. ಬೀದಿ ಕೆಸರಾಗುವಷ್ಟು, ಬಟ್ಟೆ ಒದ್ದೆಯಾಗುವಷ್ಟು ಜಿನುಗು. ಆದರೆ ಮಳೆ? ಮನೆಗಳಿಗೆಲ್ಲ ಗಟ್ಟಿಮಣ್ಣಿನ ಚಪ್ಪಟೆ ಮಾಳಿಗೆ. ಬಂದರಿನ ಕಟ್ಟೆಯ ಮೇಲೆ ಹಡಗುಗಟ್ಟಲೆ ಗೋಧಿ ರಾಶಿ ಬಿದ್ದಿತ್ತು, ವಾರಗಟ್ಟಲೆ, ಮೇಲೆ ಹೊದಿಕೆಯಿಲ್ಲದೆ. ಆ ಗೋಧಿ ರಾಶಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಮಳೆಮಾಪಕ ಬೇಡ, ಅಂಕಿ ಅಂಶ ಬೇಡ. ಮೋಡ ಮುಚ್ಚಿದ ಆಕಾಶದ ಕೆಳಗೆ ಗೋಧಿಯನ್ನು ಬಯಲಿಗೆ ಬಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡುವ ಊರು ಅದು!

ಹಾಗಾದರೆ ಅಕ್ಷಾಂಶ ಬಿಟ್ಟು ಕೇಳಬೇಕಾದದ್ದು ಏನು? ಎರಡೇ ಪ್ರಶ್ನೆ. ಗಾಳಿ ಎತ್ತಲಿಂದ ಬರುತ್ತದೆ? ಅದು ದಾಟಿ ಬಂದ ನೀರು ಬೆಚ್ಚಗೋ ತಣ್ಣಗೋ?

ಸಾಲ್ವಡಾರ್‌ಗೆ ವಾಣಿಜ್ಯ ಮಾರುತಗಳು, ಅಂದರೆ ಉಷ್ಣವಲಯದಲ್ಲಿ ಪೂರ್ವದ ಕಡೆಯಿಂದ ಸತತವಾಗಿ ಬೀಸುವ ಗಾಳಿಗಳು, ಬೆಚ್ಚನೆಯ ಅಟ್ಲಾಂಟಿಕ್ ಮೇಲಿಂದ ನೇರ ಬರುತ್ತವೆ, ಹೊಟ್ಟೆತುಂಬ ಆವಿ ಹೊತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ಜೋರು ಮಳೆ. ಊರಿಗೆ ಮೇಲಿನ ಊರು, ಕೆಳಗಿನ ಊರು ಅಂತ ಎರಡು ಪಾಲು, ನಡುವೆ ಕಡಿದಾದ ದಿಬ್ಬ. ಮಳೆಗಾಲದಲ್ಲಿ ಇಳಿಜಾರಿನ ಮನೆಗಳವರಿಗೆ ಮಣ್ಣು ಕುಸಿಯುವ ಭಯ. ಅಲ್ಲಿಂದ ಒಳನಾಡಿಗೆ ಕೆಲವು ನೂರು ಕಿಲೋಮೀಟರ್ ಹೋದರೆ ಸೆರ್ತಾವ್, ಮುಳ್ಳುಗಿಡಗಳ ಒಣಸೀಮೆ. ಅಕ್ಷಾಂಶ ಮತ್ತೆ ಅದೇ! ಇರಲಿ, ಆ ಕತೆ ಶುರುಮಾಡಿದರೆ ನಾಳೆ ಬೆಳಗಾಗುತ್ತದೆ.

ಲಿಮಾದಲ್ಲಿ ಗಾಳಿ ದಕ್ಷಿಣದಿಂದ, ದಡದ ಗುಂಟ ಬೀಸುತ್ತದೆ. ಭೂಮಿ ತಿರುಗುವುದರಿಂದ ಮೇಲಿನ ನೀರು ಎಡಕ್ಕೆ, ಅಂದರೆ ದಡದಿಂದ ಆಚೆಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ತಣ್ಣೀರಿನ ಮೇಲಿನ ಗಾಳಿಯೂ ತಣ್ಣಗಾಗಿ ತೂಕವಾಗಿ ಕೆಳಗೇ ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಮಳೆಯಾಗಬೇಕಾದರೆ ಆವಿ ಮೇಲೇರಬೇಕು, ಮುಚ್ಚಳ ಬಿಡುವುದಿಲ್ಲ. ಅದಕ್ಕೇ ಲಿಮಾದ ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿದ್ದರೂ ಸಿಗುವುದು ಗರುವಾ ಅನ್ನುವ ಜಿನುಗುಮಂಜು ಮಾತ್ರ. ಪೂರ್ವದ ಅಮೆಜಾನ್ ಕಡೆಯಿಂದ ಬರುವ ಮಳೆಯನ್ನು ಆಂಡೀಸ್ ಪರ್ವತ ತನ್ನ ಆಚೆ ಬದಿಯಲ್ಲೇ ಇಳಿಸಿಕೊಳ್ಳುತ್ತದೆ. ಊರಿಗೆ ಕುಡಿಯುವ ನೀರು ಕೊಡುವ ರಿಮಾಕ್ ನದಿ ಆ ಎತ್ತರದಿಂದಲೇ ಇಳಿದು ಬರುತ್ತದೆ. ಮರುಭೂಮಿಯ ಊರೊಂದು ಬೆಟ್ಟದ ಮಳೆ ಕುಡಿದು ಬದುಕುತ್ತಿದೆ.

ಈ ತಣ್ಣೀರಿಗೆ ಥರ್ಮಾಮೀಟರ್ ಅದ್ದಿ ನೋಡಿದವನು ಜರ್ಮನ್ ವಿಜ್ಞಾನಿ ಹಂಬೋಲ್ಟ್, 1802ರಲ್ಲಿ. ದಡದ ಗುಂಟ ಹರಿಯುವ ಈ ತಣ್ಣನೆಯ ಸಾಗರ ಪ್ರವಾಹಕ್ಕೆ ತನ್ನ ಹೆಸರಿಟ್ಟಾಗ ಆತ ಒಪ್ಪಲಿಲ್ಲ. ಅಲ್ಲಿನ ಬೆಸ್ತರ ಹುಡುಗರಿಗೆಲ್ಲ ಇದು ಮೊದಲಿಂದಲೂ ಗೊತ್ತು, ನಾನು ಶಾಖ ಅಳೆದವನು ಅಷ್ಟೇ ಅಂದ. ನನಗೆ ಆತನ ಮೇಲೆ ಗೌರವ ಹೆಚ್ಚಾದದ್ದು ಈ ಮಾತಿನಿಂದ.

ಚೀಟಿ ಬಂತು, ಐದು ನಿಮಿಷ ಅಂತೆ. ಆಂಚೋವೆಟಾ ಮೀನಿನ ಮಾತು ಬಿಟ್ಟೆ. ಹಕ್ಕಿಗಳ ಹಿಕ್ಕೆ ಬೆಟ್ಟವಾಗಿ ಬಿದ್ದಿದ್ದ ಪೆರುವಿನ ಚಿಂಚಾ ದ್ವೀಪಗಳ ಬಗ್ಗೆ ಒಂದೇ ವಾಕ್ಯ: ಮಳೆ ಬರುತ್ತಿದ್ದರೆ ಆ ಗೊಬ್ಬರ ತೊಳೆದುಹೋಗುತ್ತಿತ್ತು. ಎಲ್ ನಿನೋ, ಅಂದರೆ ಕೆಲವು ವರ್ಷಗಳಿಗೊಮ್ಮೆ ಆ ಕಡಲು ಬೆಚ್ಚಗಾಗುವ ವಿದ್ಯಮಾನ, ಅದನ್ನು ಮಾತ್ರ ಬಿಡಲಾರೆ. 2017ರ ಆರಂಭದಲ್ಲಿ ಪೆರುವಿನ ಕರಾವಳಿಯ ಕಡಲು ಬೆಚ್ಚಗಾಯಿತು. ಅಕ್ಷಾಂಶ ಬದಲಾಗಲಿಲ್ಲ, ಆಂಡೀಸ್ ಕದಲಲಿಲ್ಲ. ನೀರಿನ ಶಾಖ ಏರಿತು, ಅಷ್ಟೇ. ಉತ್ತರದ ಪಿಯುರಾ ಮುಳುಗಿತು. ಲಿಮಾದಲ್ಲಿ ರಿಮಾಕ್ ಕೆಸರು ಹೊತ್ತು ಉಕ್ಕಿ ಬಂತು. ಆ ಕೆಸರು ನೀರನ್ನು ಶುದ್ಧ ಮಾಡಲಾಗದೆ ದಿನಗಟ್ಟಲೆ ಮನೆಮನೆಯ ನಲ್ಲಿ ನಿಂತುಹೋಯಿತು.

ಇನ್ನೊಂದು ಜೋಡಿ ಕೊಟ್ಟು ಕೂರುತ್ತೇನೆ. ನಮೀಬಿಯಾದ ವಾಲ್ವಿಸ್ ಬೇ, ಬ್ರೆಜಿಲ್‌ನ ರಿಯೊ. ಎರಡೂ ದಕ್ಷಿಣಕ್ಕೆ ಹೆಚ್ಚುಕಡಿಮೆ 23 ಡಿಗ್ರಿಯಲ್ಲಿ. ಈ ಸಲ ಸಮುದ್ರವೂ ಒಂದೇ, ಒಂದೇ ಅಟ್ಲಾಂಟಿಕ್‌ನ ಎರಡು ದಡಗಳು. ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಹಸಿರು ಬೆಟ್ಟ. ಯಾವ ದಡದಲ್ಲಿ ಯಾವುದು, ಯಾಕೆ? ಹಿಂದಿನ ಸಾಲಿನಲ್ಲಿ ಆಗಲೇ ಒಂದು ಕೈ ಮೇಲೆದ್ದಿದೆ. ಹೇಳಮ್ಮ, ಮೊದಲು ಗಾಳಿಯಿಂದ ಶುರುಮಾಡು.