ಡೂಮ್ ಹೀಗೆ ಮಾಡುವವನಲ್ಲ!

[ಪರದೆಯ ಮೇಲೆ: ಹಸಿರು ಮೇಲಂಗಿ, ಲೋಹದ ಮುಖವಾಡ]

ನಮಸ್ಕಾರ. ಡಾಕ್ಟರ್ ಡೂಮ್ ಅಭಿಮಾನಿಗಳು ನಾಲ್ವರು ಒಂದೆಡೆ ಸೇರಿದರೆ ಈ ಮಾತು ಬಂದೇ ಬರುತ್ತದೆ: "ಡೂಮ್ ಹೀಗೆ ಮಾಡುವವನಲ್ಲ." ಅವನು ಮಾಡಿಯಾಗಿದೆ. ಅಚ್ಚಾಗಿದೆ, ಮಾರಾಟವೂ ಆಗಿದೆ. ಆಮೇಲೂ ಅವನು ಮಾಡುವವನಲ್ಲ ಎಂದು ತೀರ್ಪು ಕೊಡುವ ಅಧಿಕಾರ ಯಾರದು? ಇವತ್ತಿನ ಪ್ರಶ್ನೆ ಅದು.

ಪರಿಚಯವನ್ನು ಬೇಗ ಮುಗಿಸುತ್ತೇನೆ. ವಿಕ್ಟರ್ ವಾನ್ ಡೂಮ್, ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 1962ರಲ್ಲಿ ಮಾರ್ವೆಲ್ ಸಂಸ್ಥೆಯ ಫೆಂಟಾಸ್ಟಿಕ್ ಫೋರ್ ಎಂಬ ನಾಲ್ವರು ಸೂಪರ್‌ಹೀರೋಗಳ ಕಾಮಿಕ್ಸಿನ ಐದನೇ ಸಂಚಿಕೆಯಲ್ಲಿ ತಂದ ಖಳನಾಯಕ. ಲ್ಯಾಟ್ವೇರಿಯಾ ಎಂಬ ಕಲ್ಪಿತ ದೇಶದ ದೊರೆ. ವಿಜ್ಞಾನವೂ ಗೊತ್ತು, ಮಾಟವೂ ಗೊತ್ತು. ಕಾಲೇಜಿನಲ್ಲಿದ್ದಾಗ ಅವನು ಕಟ್ಟಿದ ಯಂತ್ರದ ಲೆಕ್ಕ ತಪ್ಪಿದೆ ಎಂದು ಸಹಪಾಠಿ ರೀಡ್ ರಿಚರ್ಡ್ಸ್, ಅಂದರೆ ಮುಂದೆ ಫೆಂಟಾಸ್ಟಿಕ್ ಫೋರ್ ನಾಯಕನಾದವನು, ಮುಂಚೆಯೇ ಎಚ್ಚರಿಸಿದ್ದ. ಡೂಮ್ ಕೇಳಲಿಲ್ಲ, ಯಂತ್ರ ಸಿಡಿಯಿತು, ಮುಖಕ್ಕೆ ಗಾಯವಾಯಿತು. ಅಂದಿನಿಂದ ತಪ್ಪೆಲ್ಲ ರೀಡ್‌ನದು! ಇಷ್ಟು ನೆನಪಿಟ್ಟುಕೊಳ್ಳಿ, ಸಾಕು.

ಅಭಿಮಾನಿಗಳಲ್ಲಿ ಎರಡು ಬಣಗಳಿವೆ. ಒಂದು ಬಣಕ್ಕೆ ಡೂಮ್ ಘನತೆಯುಳ್ಳ ದುರಂತ ನಾಯಕ, ಕೊಟ್ಟ ಮಾತಿಗೆ ತಪ್ಪದ ರಾಜ. ದುರ್ಯೋಧನನ ಛಲಕ್ಕೆ ಮರುಳಾಗುತ್ತ ಬಂದಿರುವ ಕನ್ನಡಿಗರಿಗೆ ಈ ಬಣದ ಮನಸ್ಸು ಬಿಡಿಸಿ ಹೇಳಬೇಕಾಗಿಲ್ಲ. ಇವರ ಕೈಯಲ್ಲಿ ಗಟ್ಟಿ ಸಾಕ್ಷಿಯೂ ಇದೆ. ರೋಜರ್ ಸ್ಟರ್ನ್ ಬರೆದು ಮೈಕ್ ಮಿಗ್ನೋಲಾ ಚಿತ್ರ ಬಿಡಿಸಿದ 1989ರ ಕಥೆಯಲ್ಲಿ ಡೂಮ್ ತಾಯಿಯ ಆತ್ಮವನ್ನು ಬಿಡಿಸಲು ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್ ಜೊತೆ ನರಕಕ್ಕೇ ಇಳಿಯುತ್ತಾನೆ. ಇನ್ನೊಂದು ಬಣ ಹೇಳುವುದು ಇಷ್ಟೇ: ರಾಜಗಾಂಭೀರ್ಯವೆಲ್ಲ ವೇಷ, ಒಳಗಿರುವವನು ಬರೀ ಹೊಟ್ಟೆಕಿಚ್ಚಿನ ಮನುಷ್ಯ. ಈ ಮಹಾನುಭಾವ ತನ್ನ ಮೊದಲ ಸಂಚಿಕೆಯಲ್ಲಿ ಮಾಡಿದ್ದೇನು? ಫೆಂಟಾಸ್ಟಿಕ್ ಫೋರ್ ತಂಡದ ಮೂವರನ್ನು ಗತಕಾಲಕ್ಕೆ ಅಟ್ಟಿ, ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ನಿಧಿ ತರಲು ಹೇಳಿದ. ಘನತೆ!

ಈಗ ನನ್ನ ಅಚ್ಚುಮೆಚ್ಚಿನ ಪ್ರಸಂಗಕ್ಕೆ ಬರೋಣ. ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ತಡೆದುಕೊಳ್ಳಿ.

[ಪರದೆಯ ಮೇಲೆ: ಗೀರಿದ ಬೆಂಕಿಕಡ್ಡಿ]

1981. ಮಾರ್ವೆಲ್‌ನದೇ ಇನ್ನೊಂದು ಸೂಪರ್‌ಹೀರೋ ತಂಡವಾದ ಎಕ್ಸ್-ಮೆನ್ ಕಾಮಿಕ್ಸಿನಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಬರೆದ ಕಥೆ. ಅದರಲ್ಲಿ ಆರ್ಕೇಡ್ ಎಂಬ ಬಾಡಿಗೆ ಕೊಲೆಗಾರ ಡೂಮ್‌ನ ಕೋಟೆಗೆ ಬರುತ್ತಾನೆ. ಬಂದವನು ಬೆಂಕಿಕಡ್ಡಿ ತೆಗೆದು ಡೂಮ್ ತೊಟ್ಟ ಕವಚಕ್ಕೇ ಉಜ್ಜಿ ಹೊತ್ತಿಸುತ್ತಾನೆ. ಒಂದು ದೇಶದ ದೊರೆಯ ಮೈಯನ್ನು ಕಡ್ಡಿಪೆಟ್ಟಿಗೆಯ ಪಕ್ಕೆಯಂತೆ ಬಳಸಿಕೊಂಡ! ಡೂಮ್ ಅವನನ್ನು ಅಲ್ಲೇ ಸುಟ್ಟು ಹಾಕಲಿಲ್ಲ. ಕಥೆ ಮುಂದೆ ಹೋಯಿತು.

ಕಥೆಯನ್ನು ಮುಂದೆ ಹೋಗಲು ಬಿಡದವರು ಜಾನ್ ಬರ್ನ್. ಎಕ್ಸ್-ಮೆನ್‌ನಲ್ಲಿ ಕ್ಲೇರ್‌ಮಾಂಟ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಆ ವರ್ಷವೇ ಹೊರನಡೆದು, ಫೆಂಟಾಸ್ಟಿಕ್ ಫೋರ್ ಬರೆದು ಚಿತ್ರಿಸುವ ಹೊಣೆ ಹೊತ್ತಿದ್ದವರು. 1983ರಲ್ಲಿ ಅವರು ಡೂಮ್‌ಗೆಂದೇ ಒಂದು ಇಡೀ ಸಂಚಿಕೆ ಮೀಸಲಿಟ್ಟರು. ಅದರಲ್ಲಿ ಗುಟ್ಟು ಹೊರಬೀಳುತ್ತದೆ: ಆರ್ಕೇಡ್ ಎದುರು ನಿಂತಿದ್ದವನು ಡೂಮ್ ಅಲ್ಲವೇ ಅಲ್ಲ, ಅವನ ರೂಪದ ರೋಬೋಟ್, ಡೂಮ್‌ಬಾಟ್. ಯಃಕಶ್ಚಿತ್ ಕೊಲೆಗಾರನಿಂದ ಇಂಥ ಅವಮಾನವನ್ನು ಸಹಿಸಿಕೊಂಡಿದ್ದಕ್ಕಾಗಿ ನಿಜವಾದ ಡೂಮ್ ಆ ರೋಬೋಟನ್ನು ನಾಶ ಮಾಡುತ್ತಾನೆ.

ನನಗೆ ಇದು ಎಷ್ಟು ಇಷ್ಟವೆಂದರೆ, ಇಲ್ಲಿ ಒಬ್ಬ ಲೇಖಕ ಇನ್ನೊಬ್ಬ ಲೇಖಕನ ಕಥೆಗೆ ತಿದ್ದುಪಡಿ ತಂದಿದ್ದಾನೆ, ಅದೂ ಖಳನಾಯಕನ ಕೈಯಿಂದಲೇ. "ಡೂಮ್ ಹೀಗೆ ಮಾಡುವವನಲ್ಲ" ಎಂಬ ಅಭಿಮಾನಿಯ ಗೊಣಗಾಟ ಅಧಿಕೃತ ಕಥೆಯಾಗಿ ಅಚ್ಚಾಯಿತು. ದಾರಿ ಗೊತ್ತಾದ ಮೇಲೆ ಕೇಳಬೇಕೆ? ಡೂಮ್ ಸುಲಭವಾಗಿ ಸೋತನೆ? ಡೂಮ್‌ಬಾಟ್. ಪೆದ್ದುಪೆದ್ದಾಗಿ ಮಾತಾಡಿದನೆ? ಡೂಮ್‌ಬಾಟ್. ಹಿಡಿಸದ ಸಂಚಿಕೆಗಳನ್ನೆಲ್ಲ ಗುಡಿಸಿ ಹಾಕಲು ಇದಕ್ಕಿಂತ ಒಳ್ಳೆಯ ಪೊರಕೆ ಯಾವ ಖಳನಾಯಕನ ಅಭಿಮಾನಿಗೂ ಸಿಕ್ಕಿಲ್ಲ.

ಆದರೆ ಗಮನಿಸಿ. ತಪ್ಪಾದಾಗ "ಅದು ನನ್ನದಲ್ಲ" ಎನ್ನುವುದು ಯಾರ ಗುಣ? ಡೂಮ್‌ನದೇ! ಲೆಕ್ಕ ತಪ್ಪಿದರೆ ರೀಡ್ ಕಾರಣ, ಸೋತರೆ ರೋಬೋಟ್ ಕಾರಣ. ಅವನನ್ನು ಪರಿಪೂರ್ಣನಾಗಿ ಉಳಿಸಲು ಹೊರಟ ಅಭಿಮಾನಿಗಳು ಅವನ ಚಾಳಿಯನ್ನೇ ಎರವಲು ಪಡೆದಿದ್ದಾರೆ.

ಹಾಗಾಗಿ ಘನತೆಯೋ ಸಣ್ಣತನವೋ ಎಂಬ ಪ್ರಶ್ನೆಯೇ ನನಗೆ ಪೊಳ್ಳೆನಿಸುತ್ತದೆ. ಪಾತ್ರದ ಬೇರು ಇರುವುದು ತಪ್ಪೊಪ್ಪಿಕೊಳ್ಳಲಾರದ ಸ್ವಭಾವದಲ್ಲಿ. ಮುಖವಾಡವನ್ನೇ ನೋಡಿ. ಸ್ಫೋಟದಿಂದ ಆದದ್ದು ಸಣ್ಣ ಗೀರು ಮಾತ್ರ ಎಂಬುದು ಕರ್ಬಿಯ ಕಲ್ಪನೆ. 1985ರಲ್ಲಿ ಬರ್ನ್ ಅದನ್ನು ಕಥೆಗೆ ತಂದರು: ಆರದ ಬಿಸಿ ಮುಖವಾಡವನ್ನು ಡೂಮ್ ತಾನೇ ಮುಖಕ್ಕೆ ಒತ್ತಿಕೊಂಡ, ಮುಖ ನಿಜವಾಗಿ ಹಾಳಾದದ್ದು ಆಗ. ಗೀರನ್ನು ಸಹಿಸಲಾರದೆ ಮುಖವನ್ನೇ ಸುಟ್ಟುಕೊಂಡವನಲ್ಲಿ ಗಾಂಭೀರ್ಯ, ಸಣ್ಣತನ ಎರಡೂ ಒಂದೇ ಮೂಲದಿಂದ ಹುಟ್ಟುತ್ತವೆ.

ಸಮಯ ಮುಗಿಯುತ್ತಿದೆ, ಉಳಿದ ಜಗಳಗಳನ್ನು ಒಟ್ಟಿಗೇ ಹೇಳಿಬಿಡುತ್ತೇನೆ. 2001ರ ಸ್ಪೈಡರ್-ಮ್ಯಾನ್ ಸಂಚಿಕೆಯಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳ ಅವಶೇಷದ ಮುಂದೆ ಡೂಮ್ ಕಣ್ಣೀರಿಟ್ಟದ್ದು: ಅದು ಪಾತ್ರದ ಅಳುವಲ್ಲ, ಪ್ರಕಾಶಕರ ಅಳು, ವಾದ ಬೇಡ. 2003ರಲ್ಲಿ ಮಾರ್ಕ್ ವೇಯ್ಡ್ ಬರೆದ ಕಥೆಯಲ್ಲಿ ಡೂಮ್ ಮಾಟದ ಬಲಕ್ಕಾಗಿ ತನ್ನ ಮೊದಲ ಪ್ರೇಯಸಿ ವಲೇರಿಯಾಳನ್ನು ಬಲಿಕೊಟ್ಟು, ಅವಳ ಚರ್ಮದ ಕವಚ ತೊಡುತ್ತಾನೆ. ಘನತೆಯ ಬಣ ಇಂದಿಗೂ ಕ್ಷಮಿಸಿಲ್ಲ. ನನಗೂ ಅದು ಅತಿಯೆನಿಸುತ್ತದೆ, ಆದರೆ ಅಸಾಧ್ಯವೆನಿಸುವುದಿಲ್ಲ. 2015ರಲ್ಲಿ ಜೊನಾಥನ್ ಹಿಕ್‌ಮನ್ ಅವನನ್ನು ದೇವರನ್ನಾಗಿಸಿದರು. ರೀಡ್ ತನಗಿಂತ ಚೆನ್ನಾಗಿ ಆ ಕೆಲಸ ಮಾಡುತ್ತಿದ್ದ ಎಂದು ಕೊನೆಯಲ್ಲಿ ಡೂಮ್ ಬಾಯಿಂದ ಒಪ್ಪಿಸಿದರು. ಅರ್ಧ ಶತಮಾನ ಬಾರದಿದ್ದ ಮಾತು! ಅದರ ಬಗ್ಗೆಯೇ ಒಂದು ಬೇರೆ ವಿಡಿಯೋ ಮಾಡಬೇಕು.

ಇನ್ನು ರಾಬರ್ಟ್ ಡೌನಿ ಜೂನಿಯರ್ ಈ ಮುಖವಾಡ ಧರಿಸಲಿದ್ದಾರೆ ಎಂದು ಮಾರ್ವೆಲ್ 2024ರ ಜುಲೈನಲ್ಲಿ ಘೋಷಿಸಿತು. ತೆರೆಯ ಮೇಲಿನ ಡೂಮ್ ಗಂಭೀರವಾಗಿರಲಿ, ಸಂತೋಷ. ಆದರೆ 1973ರ ಕಾಮಿಕ್ಸಿನಲ್ಲಿ ಕೂಲಿಗೆ ಕೆಲಸ ಮಾಡುವ ಹೀರೋ ಲ್ಯೂಕ್ ಕೇಜ್‌ನಿಂದ ಕೆಲಸ ಮಾಡಿಸಿಕೊಂಡು 200 ಡಾಲರ್ ಕೂಲಿ ಕೊಡದೆ ಜಾರಿಕೊಂಡ ದೊರೆಯೂ ಇವನೇ. ಕೇಜ್ ಲ್ಯಾಟ್ವೇರಿಯಾದವರೆಗೂ ಬೆನ್ನಟ್ಟಿ ಹೋಗಿ ಆ ಹಣ ವಸೂಲಿ ಮಾಡಿದ. ಆ ಜಿಪುಣನಿಗೂ ಚಿತ್ರದಲ್ಲಿ ಎರಡು ನಿಮಿಷ ಕೊಟ್ಟರೆ ನಾನು ಟಿಕೆಟ್ ಕೊಂಡದ್ದು ಸಾರ್ಥಕ.