ಮೊದಲು ಕಿವಿಗೆ ಬೀಳಲಿ, ಆಮೇಲೆ ಕಣ್ಣಿಗೆ ಕಾಣಲಿ

ಸಭಾಪಾಲಕರೇ, ಉಪದೇಶಕರೇ, ಸಂಡೇ ಸ್ಕೂಲ್ ಟೀಚರ್‌ಗಳೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಸೌಂಡ್ ಸಿಸ್ಟಂ ಹುಡುಗರೇ, ಎಲ್ಲರಿಗೂ ನಮಸ್ಕಾರ. ಹುಡುಗರು ಮುಂದೆ ಬಂದು ಕೂತರೆ ಒಳ್ಳೆಯದು. ಇವತ್ತಿನ ಮಾತು ನಿಮಗೇ ಜಾಸ್ತಿ ಸಂಬಂಧಪಟ್ಟದ್ದು.

ಪ್ರಸಂಗಕ್ಕೆ, ಸೇವೆಗೆ ಹೊಸ ಆಲೋಚನೆ, ಹೊಸ ತಂತ್ರಜ್ಞಾನ ಎಂಬ ವಿಷಯ ಕೊಟ್ಟಿದ್ದೀರಿ. ಹೊಸದು ಎಂದ ಕೂಡಲೇ ಕೆಲವರಿಗೆ ಹುರುಪು, ಕೆಲವರಿಗೆ ಮುನಿಸು. ಮುನಿಸಿಕೊಂಡವರಿಗೆ ಮೊದಲು ಒಂದು ಮಾತು. ನಮ್ಮ ಪ್ರವಾದಿಗಳು ಸುಮ್ನೆ ನಿಂತು ಮಾತಾಡಿ ಹೋದವರಲ್ಲ. ಯೆರೆಮೀಯ ಕುಂಬಾರನಿಂದ ಮಣ್ಣಿನ ಕೂಜೆ ಕೊಂಡು, ಜನರ ಹಿರಿಯರನ್ನೂ ಯಾಜಕರ ಹಿರಿಯರನ್ನೂ ಕಣಿವೆಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ಅದನ್ನು ಒಡೆದು ಹಾಕಿದ. ಯೆಹೆಜ್ಕೇಲ ಇಟ್ಟಿಗೆಯ ಮೇಲೆ ಯೆರೂಸಲೇಮಿನ ನಕ್ಷೆ ಬರೆದು ಅದಕ್ಕೆ ಮುತ್ತಿಗೆ ಹಾಕಿದ. ಆಮೇಲೆ ತಲೆ, ಗಡ್ಡ ಬೋಳಿಸಿಕೊಂಡು ಆ ಕೂದಲನ್ನು ತಕ್ಕಡಿಯಲ್ಲಿ ತೂಗಿ ಪಾಲು ಮಾಡಿದ. ಇವತ್ತು ಯಾರಾದರೂ ಅಯ್ಯನವರು ಹೀಗೆ ಮಾಡಿದರೆ ಮರುದಿನವೇ ಸಭಾ ಸಮಿತಿ ಸೇರುತ್ತದೆ, ಅಲ್ವಾ?

ಮಾರ್ಕನ ಸುವಾರ್ತೆ ನಾಲ್ಕನೇ ಅಧ್ಯಾಯ ನೋಡಿ. ಜನ ಕಿಕ್ಕಿರಿದು ಸೇರಿದಾಗ ಯೇಸುಸ್ವಾಮಿ ದೋಣಿ ಹತ್ತಿ ನೀರಿನ ಮೇಲೆ ಕೂತರು. ಜನ ದಡದಲ್ಲಿ ನಿಂತರು. ನೀರಿನ ಮೇಲೆ ಮಾತು ದೂರ ಹೋಗುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಮಾತು ಈಚೆ ದಡಕ್ಕೆ ಕೇಳುವುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಬಿತ್ತುವವನ ಸಾಮ್ಯ ಹೇಳಿದ್ದು ಆ ದೋಣಿಯಿಂದಲೇ. ಅಂದರೆ ಎಲ್ಲರಿಗೂ ಕೇಳಿಸುವಂಥ ಜಾಗ ಮೊದಲು, ಕಥೆ ಆಮೇಲೆ.

ನಮ್ಮ ಕಡೆ ಇದು ತಲೆಕೆಳಗಾಗಿದೆ. ತಂತ್ರಜ್ಞಾನ ಎಂದರೆ ನಮಗೆ ಮೊದಲು ಹೊಳೆಯುವುದು ಎಲ್‌ಇಡಿ ಪರದೆ, ಬಣ್ಣದ ಲೈಟು, ಕ್ಯಾಮೆರಾ. ಕೊನೇ ಬೆಂಚಿನ ಅಜ್ಜಿಗೆ ಪ್ರಸಂಗ ಅರ್ಧಂಬರ್ಧ ಕೇಳಿಸುತ್ತದೆ ಎಂಬ ವಿಷಯವನ್ನು ಸಮಿತಿಯಲ್ಲಿ ಯಾರೂ ಎತ್ತುವುದಿಲ್ಲ. ಅಜ್ಜಿಯೂ ಎತ್ತುವುದಿಲ್ಲ. ಕಾಣಿಕೆಯ ದುಡ್ಡು ಮೊದಲು ಕೇಳಿಸುವುದಕ್ಕೆ ಖರ್ಚಾಗಲಿ, ಆಮೇಲೆ ಓದಿಸುವುದಕ್ಕೆ, ಉಳಿದರೆ ಮಿಕ್ಕದ್ದಕ್ಕೆ. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಹೊಸ ಉಪಕರಣಗಳ ಜೊತೆ ಕರ್ನಾಟಕದ ಸಭೆಗಳ ನಂಟು ಹಳೆಯದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ಕ್ಕೆ ಅಲ್ಲಿ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಪ್ರೆಸ್ ಇತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲೇ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಅದರಲ್ಲಿ ಊರ ವರ್ತಮಾನ ಇತ್ತು, ಸರಕಾರದ ನಿರೂಪ ಇತ್ತು, ಕಥೆ ಇತ್ತು. ಬರೀ ಉಪದೇಶ ತುಂಬಿದ್ದರೆ ಎಷ್ಟು ಜನ ಕೈಗೆತ್ತಿಕೊಳ್ಳುತ್ತಿದ್ದರು? ದಿನಾ ಬೆಳಿಗ್ಗೆ ಒಂದು ಗುಲಾಬಿ ಹೂವಿನ ಮೇಲೆ ವಚನ ಹಾಕಿ ಕಳಿಸುವ ವಾಟ್ಸಾಪ್ ಗುಂಪಿನವರು ಮೋಗ್ಲಿಂಗರನ್ನು ಸ್ವಲ್ಪ ನೆನೆಯಬೇಕು. ಕಿಟೆಲ್ ಅಂದರೆ ನಮಗೆ 1894ರ ನಿಘಂಟು ಮಾತ್ರ ಗೊತ್ತು. ಅವರೇ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡ ಪದ್ಯದಲ್ಲಿ ಬರೆದರು. ಇಲ್ಲಿನ ಜನರ ಕಿವಿಗೆ ಪದ್ಯ ಹಿತ ಎಂದು ಅವರಿಗೆ ಗೊತ್ತಿತ್ತು.

ಹೊರದೇಶದ ಒಂದು ಘಟನೆ ಕೇಳಿ. 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕ್ಯಾಲ್ವರಿ ಎಂಬ ಚರ್ಚಿನ ಆರಾಧನೆಯನ್ನು ಕೆಡಿಕೆಎ ರೇಡಿಯೊ ಪ್ರಸಾರ ಮಾಡಿತು. ರೇಡಿಯೊದಲ್ಲಿ ಚರ್ಚಿನ ಆರಾಧನೆ ಬಂದದ್ದು ಅದೇ ಮೊದಲು. ಅವತ್ತು ಮೈಕು ನೋಡಿಕೊಳ್ಳಲು ಬಂದಿದ್ದ ತಂತ್ರಜ್ಞರಿಗೂ ಗಾಯಕವೃಂದದ ನಿಲುವಂಗಿ ತೊಡಿಸಿ ಕೂರಿಸಿದ್ದರು. ಆರಾಧನೆಗೆ ಬಂದವರ ಗಮನ ಇವರ ಕಡೆಗೆ ಹೋಗಬಾರದು ಅಂತ. ಕರ್ತನ ಭೋಜನ ಕೊಡುವಾಗ ಕ್ಯಾಮೆರಾ ಹಿಡಿದು ಅಯ್ಯನವರ ಮೂಗಿನ ಹತ್ತಿರ ನಿಲ್ಲುವವರು ಈ ನಿಲುವಂಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಕರಣ ಒಂದು ರಟ್ಟಿನ ತುಂಡು. 1939ರಲ್ಲಿ ಜಾಯ್ ರಿಡರ್‌ಹಾಫ್ ಎಂಬ ಮಹಿಳೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಗಾಸ್ಪೆಲ್ ರೆಕಾರ್ಡಿಂಗ್ಸ್ ಎಂಬ ಸಂಸ್ಥೆ ಶುರು ಮಾಡಿದರು. ಓದಲು ಬಾರದವರಿಗೆ ಅವರ ಮನೆಮಾತಿನಲ್ಲೇ ಬೈಬಲ್ ಕಥೆ ಕೇಳಿಸುವುದು ಅವರ ಕೆಲಸ. ಆ ಸಂಸ್ಥೆಯವರು ಹಂಚಿದ ಒಂದು ಗ್ರಾಮಫೋನ್ ಬರೀ ಮಡಚಿದ ರಟ್ಟು. ಬಿಚ್ಚಿ ನಿಲ್ಲಿಸಿದರೆ ಒಂದು ಕಡೆ ಸೂಜಿ, ಕೆಳಗೆ ತಟ್ಟೆ. ತಟ್ಟೆಯನ್ನು ಪೆನ್ನಿನ ತುದಿಯಿಂದ ತಿರುಗಿಸಬೇಕು. ಕರೆಂಟಿಲ್ಲ, ಬ್ಯಾಟರಿ ಇಲ್ಲ. ರಟ್ಟೇ ನಡುಗಿ ದನಿ ಹೊರಡಿಸುತ್ತದೆ. ನಿಧಾನ ತಿರುಗಿಸಿದರೆ ಗಂಡಸಿನ ದನಿ, ಜೋರಾಗಿ ತಿರುಗಿಸಿದರೆ ಮಕ್ಕಳ ದನಿ! ಆ ಕೆಲಸ ಇವತ್ತು 6,000ಕ್ಕೂ ಹೆಚ್ಚು ಭಾಷೆ, ಉಪಭಾಷೆಗಳಲ್ಲಿ ರೆಕಾರ್ಡಿಂಗ್ ಆಗಿ ಬೆಳೆದಿದೆ. ನಮ್ಮ ತಾಂಡಾಗಳಲ್ಲಿ ಲಂಬಾಣಿ, ಹಾಡಿಗಳಲ್ಲಿ ಸೋಲಿಗ ಮಾತಾಡುವ ಹಿರಿಯರಿದ್ದಾರೆ. ಅವರಿಗೆ ನಮ್ಮ ಪುಸ್ತಕದ ಕನ್ನಡ ಎಷ್ಟು ತಲುಪುತ್ತದೆ ಎಂದು ನೀವೇ ಯೋಚಿಸಿ. ಆ ಊರಿನ ಒಬ್ಬ ಅಜ್ಜಿಯ ಬಾಯಲ್ಲಿ ಒಂದು ಸಾಮ್ಯ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೂ ದೊಡ್ಡ ಕೆಲಸ.

ಈಗ ನಮ್ಮ ಚರ್ಚಿನ ಒಳಗೆ ಬರೋಣ. ನಮ್ಮ ಹಳೇ ಚರ್ಚುಗಳಲ್ಲಿ ಎತ್ತರದ ಸೂರು, ದಪ್ಪ ಗೋಡೆ, ಕಲ್ಲಿನ ನೆಲ. ಮೈಕೇ ಇಲ್ಲದ ಕಾಲಕ್ಕೆ, ನಿಧಾನಕ್ಕೆ ಎಳೆದು ಹಾಡುವ ಕೀರ್ತನೆಗೆ ಕಟ್ಟಿದವು. ಅಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೋಡೆ 17 ಮೀಟರ್ ದೂರದಲ್ಲಿದ್ದರೆ ವಾಪಸ್ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟರಲ್ಲಿ ಅಯ್ಯನವರು ಮುಂದಿನ ಅಕ್ಷರಕ್ಕೆ ಹೋಗಿರುತ್ತಾರೆ. ಎರಡೂ ಕಲಸಿಕೊಳ್ಳುತ್ತವೆ. ಕೇಳಿಸುತ್ತಿಲ್ಲ ಎಂದರೆ ನಾವು ಮಾಡುವುದೇನು? ವಾಲ್ಯೂಮ್ ಏರಿಸುತ್ತೇವೆ. ಗದ್ದಲ ಜಾಸ್ತಿಯಾಗುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ.

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಮುಂದುಗಡೆ ಎರಡು ದೊಡ್ಡ ಸ್ಪೀಕರ್ ಇಟ್ಟು ಕಿರುಚಿಸುವ ಬದಲು, ಸಣ್ಣ ಸ್ಪೀಕರ್‌ಗಳನ್ನು ಜನರ ಹತ್ತಿರ ಇಡಿ. ಅವು ಸೂರಿನ ಕಡೆ ನೋಡದೆ ಜನರ ಕಡೆ ಬಾಗಿರಲಿ. ಹಿಂದಿನ ಗೋಡೆಗೆ ದಪ್ಪ ಪರದೆ ಕಟ್ಟಿ. ಮಾತಾಡದವರ ಮೈಕುಗಳನ್ನು ಆರಿಸಿ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗಿರಲಿ, ಹೊಟ್ಟೆಯ ಮೇಲೆ ಬೇಡ. ಸ್ಪೀಕರ್ ಮುಂದೆ ಮೈಕ್ ಹಿಡಿದು ನಿಂತರೆ ಕುಂಯ್ ಅನ್ನದೆ ಇನ್ನೇನು ಮಾಡೀತು ಪಾಪ. ಇನ್ನು ಆ ಎಕೋ ಗುಂಡಿ! ಹುಡುಗರೇ, ನಗಬೇಡಿ. ಹಾಲೆಲೂಯಾ ಅಂದರೆ ಯಾ, ಯಾ, ಯಾ ಎಂದು ಮೂರು ಸಲ ವಾಪಸ್ ಬರುವಂತೆ ಅದನ್ನು ತಿರುಗಿಸಿ ಇಟ್ಟಿರುತ್ತೀರಿ. ಹಾಡುವಾಗ ಚೂರು ಇರಲಿ. ಪ್ರಸಂಗ ಶುರುವಾದ ಕೂಡಲೇ ಸೊನ್ನೆಗೆ ತನ್ನಿ. ‘ಸ್ತೋತ್ರ’, ‘ಕ್ರಿಸ್ತ’, ‘ಪ್ರಾಯಶ್ಚಿತ್ತ’ ಇಂಥ ಒತ್ತಕ್ಷರಗಳೆಲ್ಲ ಎಕೋದಲ್ಲಿ ಸವೆದು ಹೋಗುತ್ತವೆ.

ಸಂಜೆ ಬಯಲು ಕೂಟ ಮಾಡುವವರಿಗೆ ಒಂದೇ ಮಾತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇದ್ದರೆ ಹಾರ್ನ್ ಸ್ಪೀಕರ್ ಒಳ್ಳೆಯ ಸಾಕ್ಷಿ ಹೇಳುವುದಿಲ್ಲ.

ಕೇಳಿಸುವುದು ಸರಿಯಾದ ಮೇಲೆ ಓದಿಸುವುದು. ಕೀರ್ತನೆಯ ನಂಬರ್ ಬರೆದ ಮರದ ಹಲಗೆ ಎಷ್ಟೋ ಕಾಲದಿಂದ ಗೋಡೆಯ ಮೇಲೆ ತೂಗುತ್ತಿದೆ, ಅದಕ್ಕೆ ಯಾರ ತಕರಾರೂ ಇಲ್ಲ. ಪ್ರೊಜೆಕ್ಟರ್ ಕೂಡ ಅಂಥದ್ದೇ ಒಂದು ಹಲಗೆ. ಆದರೆ ಕನ್ನಡ ಹಾಡು ಹಾಕುವಾಗ ಎರಡು ಕಷ್ಟ ಬರುತ್ತವೆ. ಒಂದು, ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಹಾಡು. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿಗೆ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಅದೂ ಸರಿಯಾಗಿ ಮೊದಲ ಚರಣದ ಹೊತ್ತಿಗೆ. ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿ ಇಡಿ, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಓಪನ್‌ಎಲ್‌ಪಿ ಎಂಬ ಪುಕ್ಕಟೆ ತಂತ್ರಾಂಶವೂ ಇದೆ, ಹಾಡುಗಳನ್ನು ಅದಕ್ಕೆ ಸೇರಿಸಿಟ್ಟರೆ ಹೆಸರು ಹಾಕಿ ಹುಡುಕಬಹುದು. ಎರಡನೆಯದು ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಮಾಡಿದ ಸ್ಲೈಡಿನ ಅಳತೆಗೆ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಒಂದೂವರೆ ಪಟ್ಟು ಅಂತರ ಕೊಡಿ. ಒಂದು ಸ್ಲೈಡಿಗೆ ನಾಲ್ಕು ಸಾಲು ಸಾಕು. ಅಕ್ಷರದ ಹಿಂದೆ ಜಲಪಾತ ಹರಿಯುವುದು ಬೇಡವೇ ಬೇಡ.

ಕಿವಿಯೇ ಕೇಳಿಸದವರ ಮಾತು ಬೇರೆ. ಅವರಿಗೆ ಪರದೆಯೇ ಪ್ರಸಂಗ. ಅಮೆರಿಕದ ಸನ್ನೆಭಾಷೆಯಲ್ಲಿ ಇಡೀ ಬೈಬಲ್ ಮುಗಿದದ್ದೇ 2020ರಲ್ಲಿ. ಒಂದು ಸನ್ನೆಭಾಷೆಗೆ ಪೂರ್ತಿ ಬೈಬಲ್ ಸಿಕ್ಕಿದ್ದು ಅದೇ ಮೊದಲು. ನಿಮ್ಮ ಯೌವನಸ್ಥರ ಕೂಟದಲ್ಲಿ ಇಬ್ಬರು ಭಾರತೀಯ ಸನ್ನೆಭಾಷೆ ಕಲಿಯಲಿ. ಯಾವ ಎಲ್‌ಇಡಿ ಪರದೆಗಿಂತಲೂ ಇದು ಮೇಲು.

ಹೊಸ ಆಲೋಚನೆಗೆ ಕರೆಂಟೇ ಬೇಕು ಅಂತಿಲ್ಲ. ಸಂಡೇ ಸ್ಕೂಲ್ ಟೀಚರ್‌ಗಳೇ, ಬಿತ್ತುವವನ ಸಾಮ್ಯ ಹೇಳುವುದಕ್ಕೆ ಮುಂಚೆ ನಾಲ್ಕು ತಟ್ಟೆ ಇಡಿ. ಒಂದರಲ್ಲಿ ತುಳಿದು ಗಟ್ಟಿ ಮಾಡಿದ ಮಣ್ಣು, ಒಂದರಲ್ಲಿ ಜಲ್ಲಿಯ ಮೇಲೆ ತೆಳ್ಳಗೆ ಮಣ್ಣು, ಒಂದರಲ್ಲಿ ಬೇರು ಸಮೇತ ಕಳೆ, ಒಂದರಲ್ಲಿ ಗೊಬ್ಬರ ಹಾಕಿದ ಹದವಾದ ಮಣ್ಣು. ಮಕ್ಕಳ ಕೈಯಲ್ಲೇ ರಾಗಿ ಚೆಲ್ಲಿಸಿ. ಮುಂದಿನ ವಾರ ಜಲ್ಲಿಯ ತಟ್ಟೆಯಲ್ಲಿ ಮೊಳಕೆ ಬೇಗ ಕಾಣಿಸಿಕೊಂಡು, ಅದರ ಮುಂದಿನ ವಾರ ಒಣಗುತ್ತದೆ. ಆಗ ಸಾಮ್ಯ ಓದಿ. ನೀವು ಅರ್ಥ ಹೇಳುವ ಮುಂಚೆ ಮಕ್ಕಳೇ ಹೇಳುತ್ತವೆ. ತಂಜಾವೂರಿನ ವೇದನಾಯಕಂ ಶಾಸ್ತ್ರಿಗಳು ಹಿಂದೆಯೇ ಬೈಬಲ್ಲನ್ನು ಹಾಡಿನ ಕಥನವಾಗಿ ತಮಿಳರಿಗೆ ಕೊಟ್ಟರು. ನಮ್ಮ ಕರಾವಳಿಯಲ್ಲಿ ಯೇಸುವಿನ ಕಥೆ ಯಕ್ಷಗಾನಕ್ಕೂ ಬಂದಿದೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಪ್ರಸಂಗ ನಡುರಾತ್ರಿಯವರೆಗೆ ಬೆಳೆದು, ಕಿಟಕಿಯಲ್ಲಿ ಕೂತ ಯೂತಿಖ ನಿದ್ದೆಹೋಗಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲನ ಗತಿಯೇ ಹಾಗಾದರೆ, ನಮ್ಮ ಮುಕ್ಕಾಲು ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸುವುದೂ ಒಂದು ಹೊಸ ಆಲೋಚನೆಯೇ.

ಆನ್‌ಲೈನ್ ಆರಾಧನೆ ನಮಗೆ ತಾನಾಗಿ ಬಂದು ತಗುಲಿಕೊಂಡಿತು. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ಖಾಲಿ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ಪ್ರಾರ್ಥಿಸಿದ್ದನ್ನು ಜಗತ್ತೇ ನೋಡಿತು. ಏಪ್ರಿಲ್ 12ರ ಈಸ್ಟರ್ ನಮಗೂ ಮೊಬೈಲಿನಲ್ಲೇ ಆಯಿತು. ಈಗ ಬಾಗಿಲು ತೆರೆದಿದೆ. ಆದರೂ ಕ್ಯಾಮೆರಾ ಪೂರ್ತಿ ಆರಿಸಬೇಡಿ. ಹಾಸಿಗೆ ಹಿಡಿದವರು, ಭಾನುವಾರವೂ ಡ್ಯೂಟಿ ಇರುವ ನರ್ಸ್‌ಗಳು, ಗಲ್ಫ್‌ನಲ್ಲಿರುವ ನಮ್ಮ ಮಂಗಳೂರು, ಉಡುಪಿ ಕಡೆಯ ಮಕ್ಕಳು ಅದನ್ನು ಕಾಯುತ್ತಾರೆ. ಒಂದು ಮೊಬೈಲ್, ಒಂದು ಸ್ಟ್ಯಾಂಡ್, ಮಿಕ್ಸರ್‌ನಿಂದ ನೇರ ಆಡಿಯೊ ವೈರ್, ಇಷ್ಟು ಸಾಕು. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ದನಿ ಕೆಟ್ಟರೆ ಸಹಿಸುವುದಿಲ್ಲ. ಅದಕ್ಕಿಂತ ಸಲೀಸು ವಾಯ್ಸ್ ಮೆಸೇಜ್. ಓದಲು ಬಾರದ ಅಜ್ಜನೂ ಒತ್ತಿ ಕೇಳುತ್ತಾನೆ, ಒತ್ತಿ ಹಿಡಿದು ಉತ್ತರವನ್ನೂ ಕೊಡುತ್ತಾನೆ. ಅಯ್ಯನವರೇ, ವಾರದ ಮಧ್ಯೆ ಎರಡು ನಿಮಿಷ, ಹೆಸರು ಹಿಡಿದು ಕರೆದು ಕಳಿಸಿ ನೋಡಿ.

ಒಂದು ಎಚ್ಚರ ಗಟ್ಟಿಯಾಗಿ ಹೇಳುತ್ತೇನೆ. ಪ್ರಾರ್ಥನಾ ವಿನಂತಿ ಎಂದು ಒಬ್ಬ ಹೆಣ್ಣುಮಗಳ ಗರ್ಭಪಾತ, ಒಬ್ಬ ಹುಡುಗನ ಕುಡಿತ, ಐಸಿಯುನಲ್ಲಿ ಮಲಗಿದವರ ಫೋಟೊ ಇವೆಲ್ಲ ಇನ್ನೂರು ಜನರ ಗುಂಪಿಗೆ ಹೋಗುತ್ತವೆ. ಅಲ್ಲಿಂದ ಇನ್ನೆಲ್ಲಿಗೋ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಆ ಮನೆಯವರನ್ನು ಕೇಳಿದ್ದೀರಾ? ಕೇಳದೆ ಕಳಿಸಬೇಡಿ. ಹೆಸರಿಲ್ಲದೆಯೂ ಪ್ರಾರ್ಥಿಸಬಹುದು.

ಕೊನೆಗೆ ಎಲ್ಲರೂ ಕಾಯುತ್ತಿರುವ ಎಐ. 2023ರ ಜೂನ್‌ನಲ್ಲಿ ಜರ್ಮನಿಯ ಫ್ಯೂರ್ತ್ ಪಟ್ಟಣದ ಸಂತ ಪೌಲರ ಚರ್ಚಿನಲ್ಲಿ ಸುಮಾರು 40 ನಿಮಿಷದ ಆರಾಧನೆಯನ್ನು ಹೆಚ್ಚುಕಡಿಮೆ ಪೂರ್ತಿ ಚಾಟ್‌ಜಿಪಿಟಿಯಿಂದ ಬರೆಸಿ, ಪರದೆಯ ಮೇಲಿನ ಗೊಂಬೆಮುಖಗಳಿಂದ ಹೇಳಿಸಿದರು. ಮುನ್ನೂರಕ್ಕೂ ಹೆಚ್ಚು ಜನ ಬಂದಿದ್ದರು. ದನಿಯಲ್ಲಿ ಏರಿಳಿತ ಇಲ್ಲ, ಮನಸ್ಸಿಗೆ ತಟ್ಟಲಿಲ್ಲ ಎಂದು ಬಂದವರಲ್ಲೇ ಕೆಲವರು ಹೇಳಿದರು. ಮರುವರ್ಷ ಸ್ವಿಟ್ಜರ್ಲೆಂಡಿನ ಲುಸರ್ನ್‌ನ ಒಂದು ಚರ್ಚಿನಲ್ಲಿ, ಪಾಪನಿವೇದನೆಯ ಗೂಡಿನೊಳಗೆ ಎಐ ಯೇಸುವನ್ನೇ ಕೂರಿಸಿ ಜನರ ಜೊತೆ ಮಾತಾಡಿಸಿದರು. ಪ್ರಯೋಗ ಅಂತಲೇ ಮಾಡಿದ್ದು, ಸರಿ. ನನಗಂತೂ ಅದು ಒಗ್ಗುವುದಿಲ್ಲ.

ಎಐ ಮುಟ್ಟಲೇಬೇಡಿ ಅನ್ನುವುದಿಲ್ಲ. ಕ್ವಿಜ್ ಪ್ರಶ್ನೆ ಬರೆಸಿ, ಕ್ರಿಸ್ಮಸ್ ನಾಟಕಕ್ಕೆ ಕರಡು ಕೇಳಿ, ಇಂಗ್ಲಿಷ್ ವ್ಯಾಖ್ಯಾನದ ಸಾರ ತೆಗೆಸಿ. ಆದರೆ ಅದು ಇಲ್ಲದ ವಚನವನ್ನು ಅಧ್ಯಾಯ, ಸಂಖ್ಯೆ ಸಮೇತ ಧೈರ್ಯವಾಗಿ ಹೇಳಿಬಿಡುತ್ತದೆ. ಪ್ರತಿ ವಚನವನ್ನೂ ಸತ್ಯವೇದ ತೆರೆದು ನೋಡಿ. ಸಭೆಯವರ ಮನೆ ವಿಷಯ ಅದಕ್ಕೆ ಟೈಪ್ ಮಾಡಬೇಡಿ. ಸೋಮವಾರದಿಂದ ಶನಿವಾರದವರೆಗೆ ನೀವು ಯಾರ ಮನೆಗೆ ಹೋದಿರಿ, ಯಾರ ಸಾಲ, ಯಾರ ಮಗಳ ಮದುವೆ, ಯಾರ ಬೋರ್‌ವೆಲ್ ಬತ್ತಿತು, ಇದು ಆ ಯಂತ್ರಕ್ಕೆ ಗೊತ್ತಿಲ್ಲ. ಪ್ರಸಂಗಕ್ಕೆ ಜೀವ ಬರುವುದು ಅಲ್ಲಿಂದ.

ಊಟ ಆದಮೇಲೆ ಎರಡು ಕೆಲಸ ಇದೆ. ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟಿನ ಹಾಡುಗಳಿರುವವರು ಬಲಗಡೆ ಟೇಬಲ್ಲಿಗೆ ಬನ್ನಿ, ಇಲ್ಲೇ ಯೂನಿಕೋಡ್ ಮಾಡಿಕೊಂಡು ಹೋಗಬಹುದು. ಸೌಂಡ್ ಹುಡುಗರು ನನ್ನ ಜೊತೆ ಬನ್ನಿ. ಒಬ್ಬರು ಇಲ್ಲಿ ನಿಂತು ಓದಲಿ, ಮಿಕ್ಕವರು ಒಂದೊಂದು ಬೆಂಚಿನಲ್ಲಿ ಕೂತು ಎಲ್ಲಿ ಕೇಳಿಸುವುದಿಲ್ಲ ಎಂದು ಗುರುತು ಹಾಕೋಣ. ಅಲ್ಲಿಯವರೆಗೆ ಪ್ರಶ್ನೆಗಳಿದ್ದರೆ ಕೇಳಿ.