ಒಂದು ಪಿಕ್ಸೆಲ್‌ಗೆ ಎಷ್ಟು ಮೀಟರ್?

ಕೇಳುಗರೇ, ನಮಸ್ಕಾರ.

ಹೋದ ಬೇಸಿಗೆಯಲ್ಲಿ ಮಾವನ ತೋಟಕ್ಕೆ ಪೈಪು ಎಳೆಯಬೇಕಿತ್ತು. ಕೊಳವೆಬಾವಿಯಿಂದ ತೋಟದ ಮೂಲೆಗೆ ಎಷ್ಟು ದೂರ? ಆ ಬಿಸಿಲಲ್ಲಿ ಟೇಪು ಹಿಡಿದು ಯಾರು ನಡೀತಾರೆ, ಅಲ್ವಾ? ಮಾವನ ಮಗ ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದು ಸ್ಕ್ರೀನ್‌ಶಾಟ್ ಕಳಿಸಿದ. "ಭಾವಾ, ಕೆಳಗಿನ ಸ್ಕೇಲ್ ಗೆರೆ 50 ಮೀಟರ್. ಚಿತ್ರದಲ್ಲಿ ಅದು 100 ಪಿಕ್ಸೆಲ್ ಉದ್ದ ಇದೆ" ಅಂದ.

ಪಿಕ್ಸೆಲ್ ಅಂದರೆ ಚಿತ್ರವನ್ನು ತುಂಬಿರುವ ಪುಟ್ಟ ಚೌಕ. 100 ಚೌಕಕ್ಕೆ 50 ಮೀಟರ್ ಆದರೆ, ಒಂದಕ್ಕೆ ಅರ್ಧ ಮೀಟರ್. ಕಂಪ್ಯೂಟರಿನಲ್ಲಿ ಎಣಿಸಿದೆ. ಅಡ್ಡಕ್ಕೆ 288, ಮೇಲಕ್ಕೆ 216. ಶಾಲೆಯ ಪೈಥಾಗೊರಸ್ ಲೆಕ್ಕ ಹಾಕಿದರೆ ಓರೆಯಾಗಿ 360 ಪಿಕ್ಸೆಲ್. ಅಂದರೆ 180 ಮೀಟರ್. 20 ಅಡಿಯ 30 ಪೈಪು ತರಿಸಿದೆವು.

ಪೈಪು ಅರ್ಧ ದಾರಿಗೇ ಮುಗಿಯಿತು!

ಆದದ್ದು ಇಷ್ಟು. ಮೊಬೈಲಿನಿಂದ ನನಗೆ ಬರುವಷ್ಟರಲ್ಲಿ ಚಿತ್ರ ಕುಗ್ಗಿ ಅರ್ಧಕ್ಕಿಳಿದಿತ್ತು. ಸ್ಕೇಲ್ ಅವನ ಚಿತ್ರದ್ದು, ಎಣಿಕೆ ನನ್ನ ಚಿತ್ರದ್ದು. ನನ್ನ ಪ್ರತಿಯಲ್ಲಿ ಅದೇ ಗೆರೆ ಅಳೆದರೆ 50 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಪೂರ್ತಿ ಒಂದು ಮೀಟರ್. ಚಿತ್ರ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ. ಹಾಗಾಗಿ ಎಣಿಸುವ ಚಿತ್ರದಲ್ಲೇ ಗೆರೆಯನ್ನೂ ಅಳೆಯಬೇಕು. "1ಕ್ಕೆ 50,000" ಅಂತ ಬರೆದಿರುವ ಸರ್ವೆ ನಕ್ಷೆಯೂ ಹೀಗೇ. ಕಾಗದದ ಮೇಲೆ ಒಂದು ಸೆಂಟಿಮೀಟರ್‌ಗೆ 500 ಮೀಟರ್. ಅದನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಪಿಕ್ಸೆಲ್‌ಗೆ ಸುಮಾರು 4.2 ಮೀಟರ್. ಆಮೇಲೆ ಚಿತ್ರವನ್ನು ಚಿಕ್ಕದು ಮಾಡಿದಿರೋ, ಬರೆದಿರುವ ಆ 50,000 ಸುಮ್ನೆ ಅಲಂಕಾರ.

ವೆಬ್ ನಕ್ಷೆಗಳಲ್ಲಿ ಇನ್ನೊಂದು ತಮಾಷೆ ಇದೆ. ತೀರಾ ದೂರದ ನೋಟದಲ್ಲಿ ಇಡೀ ಭೂಮಿ, ಅಂದರೆ ಸಮಭಾಜಕದ 40,075 ಕಿಲೋಮೀಟರ್ ಸುತ್ತಳತೆ, 256 ಪಿಕ್ಸೆಲ್ ಒಳಗೆ ಕೂತಿರುತ್ತದೆ. ಒಂದೊಂದು ಪಿಕ್ಸೆಲ್ 156 ಕಿಲೋಮೀಟರ್ ದಾಟುತ್ತದೆ. ಒಂದು ಮಟ್ಟ ಹತ್ತಿರ ಹೋದರೆ ಅದರಲ್ಲಿ ಅರ್ಧ. ಹೀಗೆ 18 ಸಲ ಅರ್ಧ ಮಾಡಿದರೆ ಸುಮಾರು 60 ಸೆಂಟಿಮೀಟರ್. ಆದರೆ ಇದು ಸಮಭಾಜಕದ ಮೇಲಿನ ಮಾತು. ಉತ್ತರಕ್ಕೆ ಹೋದಂತೆ ಈ ನಕ್ಷೆ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಅದಕ್ಕೇ ಆ 60 ಸೆಂಟಿಮೀಟರನ್ನು ಅಕ್ಷಾಂಶದ, ಅಂದರೆ ಸಮಭಾಜಕದಿಂದ ಎಷ್ಟು ಡಿಗ್ರಿ ದೂರ ಅನ್ನುವುದರ, ಕೊಸೈನ್‌ನಿಂದ (ಶಾಲೆಯ ತ್ರಿಕೋನಮಿತಿಯದ್ದೇ) ಗುಣಿಸಬೇಕು. ಬೆಂಗಳೂರಿನಲ್ಲಿ 58 ಸೆಂಟಿಮೀಟರ್ ಆಗುವ ಪಿಕ್ಸೆಲ್, ನಾರ್ವೆಯ ಓಸ್ಲೋದಲ್ಲಿ ಬರೀ 30. ನಮಗೆ ಚಾಮರಾಜನಗರದಿಂದ ಬೀದರ್‌ವರೆಗೆ ಶೇಕಡಾ 3ರಷ್ಟೇ ವ್ಯತ್ಯಾಸ.

ಮತ್ತೆ ಅಂಗಡಿಗೆ ಹೋದೆವು. ಲೆಕ್ಕಕ್ಕೆ ಇನ್ನೂ 30 ಸಾಕಿತ್ತು. ಮಾವ 32 ಹೇಳಿದರು. "ನಡುವೆ ದಿಬ್ಬ ಐತೆ, ನಿನ್ನ ಚೌಕಕ್ಕೆ ಏರು ಇಳಿವು ಗೊತ್ತಾಗಲ್ಲ" ಅಂದರು. ಒಂದೇ ಪೈಪು ಉಳಿಯಿತು.